ಅವಕೆಂಪು ಆಕಾಶವೂ ನಮ್ಮ ಕರ್ತವ್ಯವೂ

1868ನೆಯ ಇಸವಿ ಆಗಸ್ಟ್ 18ರಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣವನ್ನು ಪರೀಕ್ಷಿಸಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಅಧಿಕಾರಿಯು ನಮ್ಮ ಜಮಖಂಡಿಗೆ ಬಂದಿದ್ದನು. ಸೂರ್ಯನ ಅಂಚಿನಲ್ಲಿ ಎದ್ದ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದ ಮೂಲಕ ನೋಡಿದಾಗ ಅವನಿಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆಯ ಗೆರೆ ಸೋಡಿಯಂನದೆಂದೇ ಅವನಿಗೆ ತೋರಿತು. ಅದು ಭೂಮಿಯಲ್ಲಿ ಅದುವರೆಗೆ ಯಾರೂ ಅರಿಯದಿದ್ದ ಹೀಲಿಯಂ ಎಂಬ ಮೂಲವಸ್ತುವಿನ ಗೆರೆಯೆಂಬುದು ಅನಂತರ ತಿಳಿಯಿತು. ಈ ಜಾನ್ ಹರ್ಷೆಲನ ತಾತನಾದ ವಿಲಿಯಂ ಹರ್ಷೆಲನೇ 1800ರಲ್ಲಿ ಅವಕೆಂಪು ಕಿರಣಗಳನ್ನು ಕಂಡುಹಿಡಿದವನು. ತಾತನು ಕಂಡ ಕಿರಣವೂ ಮೊಮ್ಮಗನು ಕನ್ನಡ ನೆಲದಲ್ಲಿ ನಿಂತು ಗೆರೆಯಾಗಿ ಕಂಡ ಅನಿಲವೂ ಶತಮಾನ ಕಳೆದ ಮೇಲೆ ಒಂದೇ ಯಂತ್ರದಲ್ಲಿ ಬಂದು ಕೂಡಿದವು. ಬಾಹ್ಯಾಕಾಶದಲ್ಲಿ ತಣಿಸಿಟ್ಟ ಅವಕೆಂಪು ದೂರದರ್ಶಕವೇ ಆ ಯಂತ್ರ. ಅಂಥದೊಂದನ್ನು, ಚಿಕ್ಕದಾದರೂ ಸರಿಯೆ, ಭಾರತವು ತಾನೇ ನಿರ್ಮಿಸಬೇಕೆಂಬುದು ನಮ್ಮ ಅಭಿಪ್ರಾಯ.

ದೂರದರ್ಶಕವನ್ನು ತಣಿಸುವುದೇತಕ್ಕೆ ಎಂದು ಓದುಗರು ಕೇಳಬಹುದು. ಬೆಚ್ಚಗಿರುವ ಪ್ರತಿಯೊಂದು ವಸ್ತುವೂ ಅವಕೆಂಪು ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ನಮ್ಮ ಮೈ, ಮನೆಯ ಗೋಡೆ, ಮೇಜು ಕುರ್ಚಿ, ಯಾವುದೂ ಇದಕ್ಕೆ ಹೊರತಲ್ಲ. ನಮ್ಮ ಊರಿನ ಸಾಧಾರಣ ಉಷ್ಣತೆಯಲ್ಲಿರುವ ವಸ್ತುವಿನ ಸೂಸುವಿಕೆಯು ಸುಮಾರು 10 ಮೈಕ್ರೊಮೀಟರ್ ಅಲೆಯುದ್ದದ ಬಳಿ ಅತ್ಯಂತ ಪ್ರಬಲವಾಗಿರುತ್ತದೆ. ತಣ್ಣನೆಯ ಧೂಳಿನ ಮೋಡಗಳನ್ನೂ ಅವುಗಳ ಗರ್ಭದಲ್ಲಿ ಹುಟ್ಟುತ್ತಿರುವ ನಕ್ಷತ್ರಗಳನ್ನೂ ನಾವು ಹುಡುಕಬೇಕಾದುದು ಇಂಥ ಅಲೆಯುದ್ದಗಳಲ್ಲಿಯೇ. ಆದುದರಿಂದ ತಣಿಸದ ದೂರದರ್ಶಕದಿಂದ ಈ ಆಕಾಶವನ್ನು ನೋಡುವುದೆಂದರೆ, ಉರಿಯುವ ದೀವಟಿಗೆಗಳಿಂದ ಕಟ್ಟಿದ ಕೊಳವೆಯೊಳಗಿಂದ ಮಿಂಚುಹುಳವನ್ನು ಅರಸಿದಂತೆ. ಸಾಲದುದಕ್ಕೆ, ನಮ್ಮ ವಾಯುಮಂಡಲದ ನೀರಾವಿಯೂ ಇಂಗಾಲದ ಡೈ ಆಕ್ಸೈಡೂ ಈ ಕಿರಣಗಳ ಬಹುಭಾಗವನ್ನು ನುಂಗಿಬಿಡುತ್ತವೆ. ಹೀಗಾಗಿ ಮೇಲಕ್ಕೆ ಹೋಗುವುದು, ತಣ್ಣಗಾಗುವುದು ಎರಡೂ ಅನಿವಾರ್ಯ.

ಮೊದಲ ದೂರದರ್ಶಕಗಳಿಗೆ ತಂಪನ್ನು ಕೊಟ್ಟುದು ದ್ರವ ಹೀಲಿಯಂ. 1983ರ ಜನವರಿಯಲ್ಲಿ ಹಾರಿದ ಐರಾಸ್ ಉಪಗ್ರಹದ ದರ್ಪಣವು ಕೇವಲ 57 ಸೆಂಟಿಮೀಟರ್ ವ್ಯಾಸದ್ದು. ಹತ್ತು ತಿಂಗಳಲ್ಲಿ ಹೀಲಿಯಂ ಮುಗಿದು, ಎಣ್ಣೆ ತೀರಿದ ಹಣತೆಯಂತೆ ಅದರ ಕೆಲಸವೂ ಮುಗಿಯಿತು. ಆದರೂ ಅಷ್ಟರಲ್ಲಿ ಅದು ಸುಮಾರು ಎರಡೂವರೆ ಲಕ್ಷ ಅವಕೆಂಪು ಆಕರಗಳನ್ನು ಪಟ್ಟಿಮಾಡಿತು. ನಾವು ಅಭಿಜಿತ್ ಎಂದು ಕರೆಯುವ ನಕ್ಷತ್ರದ ಸುತ್ತ ಧೂಳಿನ ವಲಯವಿರುವುದನ್ನು ತೋರಿಸಿಕೊಟ್ಟಿತು. 2003ರಲ್ಲಿ ಹಾರಿದ ಸ್ಪಿಟ್ಜರ್, 2009ರಲ್ಲಿ ಹಾರಿದ ಹರ್ಷೆಲ್ ದೂರದರ್ಶಕಗಳ ಹೀಲಿಯಮ್ಮೂ ಹೀಗೆಯೇ ಒಂದು ದಿನ ಆರಿಹೋಯಿತು. 2021ರ ಡಿಸೆಂಬರ್ 25ರಂದು ಹೊರಟ ವೆಬ್ ದೂರದರ್ಶಕವು ಬೇರೆ ದಾರಿ ಹಿಡಿಯಿತು. ಅದರ 6.5 ಮೀಟರ್ ದರ್ಪಣವನ್ನು ಟೆನಿಸ್ ಅಂಗಳದಷ್ಟು ದೊಡ್ಡದಾದ ಐದು ಪದರಗಳ ಕೊಡೆಯೊಂದು ಬಿಸಿಲಿನಿಂದ ಮರೆಮಾಡಿದೆ. ಆ ನೆರಳಿನಲ್ಲಿ ದರ್ಪಣವು ಸೊನ್ನೆಗಿಂತ 220 ಡಿಗ್ರಿ ಸೆಲ್ಸಿಯಸ್ಸಿಗೂ ಕೆಳಗೆ ತಾನಾಗಿ ತಣಿಯುತ್ತದೆ. ಅದರ ಒಂದು ಉಪಕರಣವನ್ನು ಮಾತ್ರ ಹೀಲಿಯಂ ಅನಿಲವನ್ನು ಮತ್ತೆ ಮತ್ತೆ ಸುತ್ತಿಸುವ ಶೀತಕಯಂತ್ರವು ನಿರಪೇಕ್ಷ ಶೂನ್ಯದಿಂದ 7 ಡಿಗ್ರಿಗಳೊಳಗೆ ಇಡುತ್ತದೆ. ಇಲ್ಲಿ ಅನಿಲವು ವ್ಯಯವಾಗುವುದಿಲ್ಲ.

ವೆಬ್ ಇರುವಾಗ ನಮ್ಮದೇಕೆ ಎಂಬ ಆಕ್ಷೇಪವುಂಟು. ಅದಕ್ಕೆ ಸುಮಾರು 1,000 ಕೋಟಿ ಡಾಲರುಗಳು ವೆಚ್ಚವಾದುವು; ಬಡವರು ಬಹಳವಿರುವ ದೇಶಕ್ಕೆ ಈ ಹಂಬಲವೇಕೆ ಎಂದು ಕೇಳುವವರ ಮಾತು ತಳ್ಳಿಹಾಕತಕ್ಕದ್ದಲ್ಲ. ಆದರೆ ವೆಬ್‌ನಷ್ಟು ದೊಡ್ಡದನ್ನು ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. 2025ರ ಮಾರ್ಚಿಯಲ್ಲಿ ಅಮೆರಿಕದವರು ಹಾರಿಸಿದ ಸ್ಫಿಯರೆಕ್ಸ್ ದೂರದರ್ಶಕದ ವ್ಯಾಸ ಬರಿಯ 20 ಸೆಂಟಿಮೀಟರ್. ಅದರಲ್ಲಿ ಹೀಲಿಯಮ್ಮೂ ಇಲ್ಲ, ಶೀತಕಯಂತ್ರವೂ ಇಲ್ಲ. ಒಂದರೊಳಗೊಂದಿಟ್ಟ ಶಂಕುವಿನಾಕಾರದ ಮರೆಗಳು ಅದನ್ನು ತಣ್ಣಗಿಟ್ಟಿವೆ. ಇಡೀ ಆಕಾಶವನ್ನು ಅಳೆಯುವ ಹೊಣೆ ಆ ಪುಟ್ಟ ಕಣ್ಣಿನದು. ದೊಡ್ಡದು ಆಳವಾಗಿ ನೋಡುತ್ತದೆ, ಚಿಕ್ಕದು ವಿಶಾಲವಾಗಿ ನೋಡುತ್ತದೆ, ಎರಡಕ್ಕೂ ಕೆಲಸವುಂಟು. ಅನ್ಯರ ದೂರದರ್ಶಕದಲ್ಲಿ ನಮಗೆ ಕೆಲವು ಗಂಟೆಗಳ ವೇಳೆ ಸಿಕ್ಕಬಹುದು, ಅವರ ಚಿತ್ರಗಳನ್ನು ನಾವು ಅಭ್ಯಸಿಸಲೂಬಹುದು. ಆದರೆ ಕಟ್ಟುವವನಿಗೆ ದೊರೆಯುವ ವಿದ್ಯೆ ನೋಡುವವನಿಗೆ ದೊರೆಯದು.

ಇನ್ನು ನಮ್ಮ ಸಿದ್ಧತೆಯ ಮಾತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದ ಬೆಲೂನುಗಳಲ್ಲಿ 1 ಮೀಟರ್ ದರ್ಪಣದ ದೂರದರ್ಶಕವನ್ನು ಹಾರಿಸಿ, ದ್ರವ ಹೀಲಿಯಮ್ಮಿನಿಂದ ತಣಿಸಿದ ಗ್ರಾಹಕಗಳಿಂದ ದೂರದ ಅವಕೆಂಪು ಕಿರಣಗಳನ್ನು ಹಿಡಿದಿದ್ದಾರೆ. 2019ರಲ್ಲಿ ಹೊರಟ ಚಂದ್ರಯಾನ-2 ನೌಕೆಯು 5 ಮೈಕ್ರೊಮೀಟರ್‌ವರೆಗಿನ ಕಿರಣಗಳನ್ನು ಅಳೆಯಬಲ್ಲ ರೋಹಿತಮಾಪಕವನ್ನು ಚಂದ್ರನ ಕಕ್ಷೆಗೆ ಒಯ್ದಿತು. ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ಜೋಡಿಸಿದ ಪ್ರಭಾವಲಯದರ್ಶಕವು 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯೊಡನೆ ಹೊರಟು, ಭೂಮಿಯಿಂದ 15 ಲಕ್ಷ ಕಿಲೊಮೀಟರ್ ದೂರದ ಬಿಂದುವಿನ ಬಳಿ ನೆಲೆಗೊಂಡಿತು. ವೆಬ್ ಇರುವ ಬಿಂದುವೂ ಅಷ್ಟೇ ದೂರದಲ್ಲಿದೆ, ಆದರೆ ಸೂರ್ಯನಿಗೆ ವಿಮುಖವಾದ ಕಡೆಗೆ. ದಾರಿ ನಮಗೆ ಹೊಸದಲ್ಲ. ಹೊಸದಾಗಿ ಕಲಿಯಬೇಕಾದುದು ಇಡಿಯ ದೂರದರ್ಶಕವನ್ನು ವರ್ಷಗಟ್ಟಲೆ ತಣ್ಣಗಿಡುವ ಕಲೆ. ನಮ್ಮ ದೇಶಕ್ಕೆ ಹೀಲಿಯಂ ಬಹುಮಟ್ಟಿಗೆ ಹೊರಗಿನಿಂದಲೇ ಬರುವುದರಿಂದ, ಮರೆಗಳಿಂದಲೂ ಶೀತಕಯಂತ್ರಗಳಿಂದಲೂ ತಣಿಸುವ ವಿಧಾನವೇ ನಮಗೆ ಹೆಚ್ಚು ಹೊಂದುತ್ತದೆ.

ಈ ಕಲೆಯ ಬೇರು ಕಾಲೇಜಿನಲ್ಲಿದೆ. ಸಿಂಗಾಪುರವೆಂದೊಡನೆ ಕಡಲಾಚೆಯ ನಗರವು ನೆನಪಾಗಬಹುದು; ನಾವು ಹೇಳುವುದು ಬೆಂಗಳೂರಿನ ಉತ್ತರಕ್ಕೆ, ಜಾಲಹಳ್ಳಿಗೂ ಯಲಹಂಕಕ್ಕೂ ನಡುವೆ ಇರುವ ನಮ್ಮ ಸಿಂಗಾಪುರ. ಅಲ್ಲಿಂದ ಹತ್ತು ಮೈಲಿಗಳೊಳಗೆ ಬಾಹ್ಯಾಕಾಶ ಸಂಸ್ಥೆಯ ಮುಖ್ಯ ಕಚೇರಿಯಿದೆ. ನೌಕೆಗಳ ಜಾಡು ಹಿಡಿಯುವ ಪೀಣ್ಯದ ಕೇಂದ್ರವಿದೆ. ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅತಿಶೈತ್ಯ ತಂತ್ರಜ್ಞಾನಕ್ಕೆಂದೇ ಒಂದು ಕೇಂದ್ರವಿದೆ. ಇವುಗಳ ನೆರಳಿನಲ್ಲಿಯೇ ಓದುವ ಎಷ್ಟೋ ಪದವಿ ವಿದ್ಯಾರ್ಥಿಗಳು ಪ್ಲಾಂಕನ ಸೂತ್ರವನ್ನು ತಪ್ಪಿಲ್ಲದೆ ಬರೆಯುತ್ತಾರೆ, ಆದರೆ ದ್ರವ ನೈಟ್ರೊಜನ್ನನ್ನು ಕಣ್ಣಾರೆ ಕಾಣದೆಯೇ ಪದವೀಧರರಾಗುತ್ತಾರೆ. ವರ್ಷಕ್ಕೆ ಕೆಲವು ದಿನಗಳಾದರೂ ಇಂಥ ಕೇಂದ್ರಗಳು ಸುತ್ತಣ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಮ್ಮ ಪ್ರಯೋಗಶಾಲೆಗಳಲ್ಲಿ ಕೈಕೆಲಸಕ್ಕೆ ಎಡೆಮಾಡಿಕೊಡಬೇಕು. ಕಾಲೇಜುಗಳೂ ಒಂದು ಅವಕೆಂಪು ಗ್ರಾಹಕವನ್ನು ತಣಿಸಿ, ಅದರ ಸಂಕೇತದಲ್ಲಾಗುವ ಬದಲಾವಣೆಯನ್ನು ಅಳೆಯುವ ಪ್ರಯೋಗವನ್ನು ಪಾಠಕ್ರಮಕ್ಕೆ ಸೇರಿಸಬೇಕು. ಇದಕ್ಕೆ ಕೋಟಿಗಳು ಬೇಡ, ಮನಸ್ಸು ಬೇಕು.

ದೂರದರ್ಶಕದ ಯೋಜನೆಯೊಂದು ಕಾಗದದಿಂದ ಕಕ್ಷೆಗೆ ಏರಲು ಹತ್ತು ಹದಿನೈದು ವರ್ಷಗಳು ಹಿಡಿಯುತ್ತವೆ. ಅದನ್ನು ನಡೆಸಬೇಕಾದವರು ಈಗ ನಮ್ಮ ತರಗತಿಗಳ ಬೆಂಚುಗಳ ಮೇಲೆ ಕುಳಿತಿದ್ದಾರೆ. ಆದುದರಿಂದ ಸರಕಾರದ ಮಂಜೂರಾತಿ ಬರಲೆಂದು ಕಾಯದೆ, ಮುಂದಿನ ವಿದ್ಯಾವರ್ಷದಿಂದಲೇ ಈ ಕಾರ್ಯವನ್ನು ಆರಂಭಿಸುವುದು ಯುಕ್ತವೆಂದು ನಮಗೆ ತೋರುತ್ತದೆ.