'ನಿರ್ಲಕ್ಷ್ಯ' ಎಂಬ ಸುಲಭದ ಷರಾ

ಕಾರ್ಖಾನೆಯಲ್ಲಿ ಒಬ್ಬನ ಬೆರಳು ಹೋಗಲಿ, ಗೋದಾಮಿನಲ್ಲಿ ಹಮಾಲನ ಸೊಂಟ ಹಿಡಿದುಕೊಳ್ಳಲಿ, ವಿಚಾರಣೆ ಬಹುಪಾಲು 'ಕಾರ್ಮಿಕನ ನಿರ್ಲಕ್ಷ್ಯ' ಎಂಬ ಷರಾ ಬರೆದು ಕೈತೊಳೆದುಕೊಳ್ಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ನಿರ್ಲಕ್ಷ್ಯ ನಡೆದದ್ದು ನಿಜವೇ ಆಗಿದ್ದರೂ, ಕೆಲಸದ ಏರ್ಪಾಡು ಹೇಗಿತ್ತು ಎಂದು ಕೇಳುವವರೆಗೆ ವಿಚಾರಣೆ ಶುರುವಾದಂತಲ್ಲ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಕ್ಷೇಮವಾಗಿ ನೆಲ ಮುಟ್ಟಿದ ಮೇಲೂ ರನ್‌ವೇಯಲ್ಲಿ ಹೊಟ್ಟೆಯಡಿಯಾಗಿ ಕುಸಿದ ಪ್ರಸಂಗಗಳಿದ್ದವು. ರೆಕ್ಕೆಯ ಫ್ಲ್ಯಾಪ್ ಮಡಚಬೇಕಾದ ಪೈಲಟ್ ಚಕ್ರಗಳನ್ನೇ ಮಡಚಿಬಿಡುತ್ತಿದ್ದ. ಪೈಲಟ್‌ನದೇ ತಪ್ಪು ಎಂದು ದಾಖಲಾಯಿತು. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಪೈಲಟ್‌ನನ್ನು ಬಿಟ್ಟು ಕಾಕ್‌ಪಿಟ್ ನೋಡಿದರು. ಎರಡೂ ಸ್ವಿಚ್ಚುಗಳು ಅಕ್ಕಪಕ್ಕದಲ್ಲಿದ್ದವು, ಮುಟ್ಟಿದರೆ ಒಂದೇ ಥರ. ಜೋಡಣೆ ಬೇರೆಯಾಗಿದ್ದ ಸಿ-47 ವಿಮಾನದಲ್ಲಿ ಈ ತೊಂದರೆಯೇ ಇರಲಿಲ್ಲ. ಚಪಾನಿಸ್ ಒಂದರ ತುದಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಇನ್ನೊಂದಕ್ಕೆ ಬೆಣೆಯಾಕಾರದ ತುಂಡನ್ನೂ ಕೂರಿಸಿದರು. ಬಳಲಿದ ಪೈಲಟ್ ಕಣ್ಣು ಹಾಯಿಸದಿದ್ದರೂ ಯಾವುದು ಯಾವುದೆಂದು ಬೆರಳಿಗೆ ತಿಳಿಯಿತು. ಪೈಲಟ್‌ಗಳೂ ಅವರ ದಣಿವೂ ಮೊದಲಿನಂತೆಯೇ ಇದ್ದವು, ಅವಘಡ ಮಾತ್ರ ನಿಂತಿತು. ಪ್ರಯಾಣಿಕ ವಿಮಾನಗಳಲ್ಲಿ ಚಕ್ರದ ಹಿಡಿ ಇಂದಿಗೂ ಚಕ್ರದ ಆಕಾರದಲ್ಲೇ ಇರುತ್ತದೆ.

ಇನ್ನು ಹಮಾಲನ ಸೊಂಟ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಬೇಕೆಂದು ಅವನಿಗೆ ಪಾಠ ಹೇಳುತ್ತಾರೆ. ತರಬೇತಿಯಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳಲಾರೆ. ಒಳ್ಳೆಯ ರೂಢಿ ಎಷ್ಟೋ ಪೆಟ್ಟು ತಪ್ಪಿಸುತ್ತದೆ. ಆದರೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಷ್‌ನ ಸೂತ್ರದ ಪ್ರಕಾರ, ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಎತ್ತುವ ಭಾರದ ಮಿತಿ 23 ಕೆ.ಜಿ. ಅದೂ ಭಾರ ಮೈಗೆ ಒತ್ತಿದಂತಿದ್ದು, ನೆಲದಿಂದ 75 ಸೆಂ.ಮೀ. ಎತ್ತರದಲ್ಲಿ ಕೈಗೆ ಸಿಕ್ಕು, ಮೈ ತಿರುಚದೆ, ಆಗೊಮ್ಮೆ ಈಗೊಮ್ಮೆ ಎತ್ತುವಾಗ. ನೆಲಕ್ಕೆ ಬಗ್ಗಿದರೆ, ಪಕ್ಕಕ್ಕೆ ತಿರುಗಿದರೆ ಮಿತಿ ಇನ್ನೂ ಇಳಿಯುತ್ತದೆ. ನಮ್ಮ ಸಿಮೆಂಟ್ ಚೀಲ 50 ಕೆ.ಜಿ. ಗಂಗಾವತಿ, ಸಿಂಧನೂರು ಕಡೆ ಭತ್ತದ ಚೀಲ 75 ಕೆ.ಜಿ. ಅದನ್ನು ನೆಲದಿಂದ ಎತ್ತಿ ಇನ್ನೊಬ್ಬನ ಬೆನ್ನಿಗೇರಿಸಲು ಇಬ್ಬರು ಕೈಹಚ್ಚಿದರೂ ತಲಾ 37 ಕೆ.ಜಿ. ದಾಟಿತು. ಮೊಣಕಾಲನ್ನು ಎಷ್ಟೇ ಶಾಸ್ತ್ರೋಕ್ತವಾಗಿ ಬಗ್ಗಿಸಿದರೂ ಈ ಲೆಕ್ಕ ಸರಿಹೋಗುವುದಿಲ್ಲ. ಚೀಲವೇ ಚಿಕ್ಕದಾಗಬೇಕು.

ಹಿಂದಿನವರು ಕ್ವಿಂಟಲ್ ಚೀಲ ಹೊರುತ್ತಿರಲಿಲ್ಲವೇ ಎನ್ನುವವರು, ಹಾಗೆ ಹೊತ್ತವರ ಮುಪ್ಪು ಹೇಗೆ ಕಳೆಯಿತೆಂದು ವಿಚಾರಿಸಿದ್ದನ್ನು ನಾನು ಕಾಣೆ.

ಹಮಾಲರ ಆಕ್ಷೇಪಣೆ ಮಾತ್ರ ತೂಕದ್ದು. ಕೂಲಿ ಚೀಲದ ಲೆಕ್ಕದಲ್ಲಿದ್ದಾಗ ಚೀಲ ಚಿಕ್ಕದಾದರೆ ದರವನ್ನೂ ಇಳಿಸುತ್ತಾರೆ, ಓಡಾಟ ಮಾತ್ರ ಹೆಚ್ಚುತ್ತದೆ. ಈ ಭಯಕ್ಕೆ ಆಧಾರವಿದೆ. ಆದ್ದರಿಂದ ಲಾರಿಯ ಮಟ್ಟಕ್ಕೆ ಕಟ್ಟೆಯೂ ತಳ್ಳುಗಾಡಿಯೂ ಮೊದಲು ಬರಬೇಕು. ಹೆಚ್ಚುವ ಓಡಾಟವನ್ನೂ ಸೇರಿಸಿ ಕೂಲಿ ಕ್ವಿಂಟಲ್ ಲೆಕ್ಕದಲ್ಲಿ ನಿಗದಿಯಾಗಬೇಕು. ಚೀಲ ಆ 23 ಕೆ.ಜಿ. ಮಿತಿಯೊಳಗೆ ಇಳಿಯುವುದು ಆಮೇಲೆ. ವರ್ತಕರೂ ಗಿರಣಿಯವರೂ ಕೂತು ಇದನ್ನು ತೀರ್ಮಾನಿಸುವಾಗ ಹಮಾಲರ ಸಂಘದವರಿಗೂ ಅಲ್ಲಿ ಕುರ್ಚಿ ಹಾಕಬೇಕು.