ಹಲಸು ನಮ್ಮದು, ಲೆಕ್ಕ ಯಾರದು?

ಕನ್ನಡದ ತರುಣ ತರುಣಿಯರೇ,

ಬೆಂಗಳೂರಿನಲ್ಲಿ ಬಿ.ಕಾಂ., ಎಂ.ಎ., ಎಂ.ಬಿ.ಎ. ಓದುತ್ತಿರುವ ನಿಮಗೆ ಒಂದು ನೇರ ಪ್ರಶ್ನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ನಿಮಗೆ ಗೊತ್ತೇ? ಘಾಟಿ ಸುಬ್ರಹ್ಮಣ್ಯದ ಸೀಮೆ. ಹಲಸಿಗೆ ಹೆಸರಾದ ಹೋಬಳಿ. ಅಲ್ಲಿನ ರೈತರು ಹಲಸು ಬೆಳೆಗಾರರ ಸಂಘ ಕಟ್ಟಿಕೊಂಡವರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಅವರ ಬೆನ್ನಿಗೆ ನಿಂತಿತು. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಒಂದು ತಾಸಿನ ಹಾದಿ. ದಿನವೂ ಹೂವು, ಹಣ್ಣು, ತರಕಾರಿ ಅಲ್ಲಿಂದ ಹೊರದೇಶಗಳಿಗೆ ಹಾರುತ್ತವೆ.

ಈಗ ಹೇಳಿ. ವಿಯೆಟ್ನಾಮಿನ ಹಲಸು ಚೀನಾಕ್ಕೆ ಯಾವ ದರದಲ್ಲಿ ಹೋಗುತ್ತಿದೆ? ಮಲೇಷಿಯಾ ತನಗೆ ಬೇಕಾದ ಈರುಳ್ಳಿಯನ್ನು ಯಾವ ಯಾವ ದೇಶದಿಂದ ತರಿಸುತ್ತದೆ? ಚೀನಾದ ಕಚ್ಚಾ ರೇಷ್ಮೆಯ ಮೇಲೆ ದೆಹಲಿ ಹಾಕುವ ಸುಂಕ ಎಷ್ಟು, ಅದು ಯಾವಾಗ ಬದಲಾಯಿತು?

ಈ ಮೂರರಲ್ಲಿ ಒಂದಕ್ಕಾದರೂ ಕನ್ನಡದಲ್ಲಿ ಉತ್ತರ ಹುಡುಕಿ ನೋಡಿ. ಕೈಗೆ ಸಿಗುವುದು ಬರೀ ಭಾಷಣ. ಲೆಕ್ಕ ಬೇಕಾದರೆ ಇಂಗ್ಲಿಷಿನ ಬಾಗಿಲು ತಟ್ಟಬೇಕು. ಬೆಳೆ ಕನ್ನಡಿಗನದು, ಬೆವರು ಕನ್ನಡಿಗನದು. ಅದರ ಬೆಲೆ ನಿಗದಿಯಾಗುವ ಲೆಕ್ಕದ ಪುಸ್ತಕ ಮಾತ್ರ ಕನ್ನಡಿಗನ ಕೈಗೆ ಎಟುಕದು! ಇದಕ್ಕಿಂತ ದೊಡ್ಡ ಭಾಷಾ ಅನ್ಯಾಯ ಯಾವುದಿದೆ?

'ಇತರೆ'ಯಲ್ಲಿ ಕಳೆದುಹೋದ ಹಲಸು

ಜಗತ್ತಿನಲ್ಲಿ ಮಾರಾಟವಾಗುವ ಪ್ರತಿ ಸರಕಿಗೂ ಒಂದು ಸಂಖ್ಯೆ ಇದೆ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಸುಂಕ ಸಂಘಟನೆ ಈ ಸಂಖ್ಯೆ ಕೊಡುತ್ತದೆ. ಇದಕ್ಕೆ ಎಚ್.ಎಸ್. ಸಂಖ್ಯೆ ಎನ್ನುತ್ತಾರೆ. 1988ರ ಜನವರಿ 1ರಿಂದ ಜಾರಿಯಲ್ಲಿದೆ. ಆರು ಅಂಕಿಯ ತನಕ ಎಲ್ಲ ದೇಶಗಳಿಗೂ ಒಂದೇ ಸಂಖ್ಯೆ. ಅದರ ಮುಂದೆ ಆಯಾ ದೇಶ ತನ್ನದೇ ಅಂಕಿ ಸೇರಿಸಿಕೊಳ್ಳುತ್ತದೆ. ನಮ್ಮ ದೇಶ ಎಂಟು ಅಂಕಿ ಬಳಸುತ್ತದೆ. ರೇಷ್ಮೆ 50ನೇ ಅಧ್ಯಾಯ. ಕಚ್ಚಾ ರೇಷ್ಮೆ 5002. ಈರುಳ್ಳಿ 0703. ಈ ಸಂಖ್ಯೆ ಗೊತ್ತಿಲ್ಲದವನಿಗೆ ವ್ಯಾಪಾರದ ಯಾವ ಅಂಕಿಅಂಶವೂ ಬಾಗಿಲು ತೆರೆಯುವುದಿಲ್ಲ.

ನಮ್ಮ ಹಲಸು ಎಲ್ಲಿದೆ? ಆಗ್ನೇಯ ಏಷ್ಯಾದ ಡೂರಿಯನ್ ಹಣ್ಣಿಗೆ ಸ್ವಂತ ಸಂಖ್ಯೆ ಇದೆ, 081060. ಹಲಸಿಗೆ ಇಲ್ಲ! ಅದು 081090, ಅಂದರೆ 'ಇತರೆ ಹಣ್ಣುಗಳು' ಎಂಬ ಗುಂಪಿನಲ್ಲಿ ಬಿದ್ದಿದೆ. ಯುರೋಪಿನ ಸುಂಕ ಪಟ್ಟಿ ನೋಡಿದರೆ ಹುಣಸೆ, ಗೇರುಹಣ್ಣು, ಲಿಚಿ, ಸಪೋಟ, ಹಲಸು ಎಲ್ಲವೂ ಒಂದೇ ಸಾಲಿನಲ್ಲಿ ಕೂತಿವೆ. ಹಲಸಿನ ವಿಶ್ವವ್ಯಾಪಾರ ಎಷ್ಟು ಎಂದು ಆರು ಅಂಕಿಯ ಲೆಕ್ಕದಿಂದ ಯಾರೂ ಹೇಳಲಾರರು. ತನ್ನ ಸರಕಿಗೆ ಬೇರೆ ಸಂಖ್ಯೆ ಬೇಕೆಂದು ಕೇಳುವವನಿಗೆ ಮೊದಲು ಸಂಖ್ಯೆ ಇಲ್ಲವೆಂಬುದೇ ತಿಳಿದಿರಬೇಕಲ್ಲವೇ? ತೂಬಗೆರೆಯ ಬೆಳೆಗಾರನಿಗೆ ಇದನ್ನು ಕನ್ನಡದಲ್ಲಿ ತಿಳಿಸಬೇಕಾದವರು ಯಾರು?

5 ಪರ್ಸೆಂಟಿನ ಏಟು

ಇದೆಲ್ಲ ಪಂಡಿತರ ವಿಷಯ ಎಂದು ಪುಟ ತಿರುಗಿಸಬೇಡಿ. 2011ರ ಕೇಂದ್ರ ಬಜೆಟ್ ನೆನಪಿಸಿಕೊಳ್ಳಿ. ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ ಶೇಕಡ 5ಕ್ಕೆ ಇಳಿಯಿತು. ಒಂದೇ ಒಂದು ಸಾಲು! ಗೂಡಿನ ಬೆಲೆ ನೆಲ ಕಚ್ಚಿತು. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ನಾಡಿನ ರೈತರು ಬೀದಿಗಿಳಿದರು. ಸುಂಕ ಶೇಕಡ 15ಕ್ಕೆ ಏರಲು 2013ರ ಬಜೆಟ್ ಬರಬೇಕಾಯಿತು. ನಡುವಿನ ಎರಡು ವರ್ಷ ಹಿಪ್ಪುನೇರಳೆ ತೋಟ ಕಿತ್ತವರ ನಷ್ಟ ತುಂಬಿಕೊಟ್ಟವರು ಯಾರು?

ಇನ್ನೊಂದು ಮುಖವನ್ನೂ ನೋಡಿ. ಅದೇ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳ ನೇಕಾರರಿದ್ದಾರೆ. ಅವರಿಗೆ ಅಗ್ಗದ ನೂಲು ಬೇಕು. ರೈತನಿಗೆ ಸುಂಕ ಏರಬೇಕು, ನೇಕಾರನಿಗೆ ಇಳಿಯಬೇಕು. ಇಬ್ಬರೂ ನಮ್ಮವರೇ, ಒಂದೇ ತಾಲ್ಲೂಕಿನವರೇ. ಚೀನಾದಿಂದ ಎಷ್ಟು ಬಂತು, ಯಾವ ದರ್ಜೆಯದು ಬಂತು, ಯಾವ ದರಕ್ಕೆ ಬಂತು ಎಂಬ ಲೆಕ್ಕ ಇಬ್ಬರ ಮುಂದೆಯೂ ಇದ್ದರೆ ಕೂತು ಮಾತಾಡಬಹುದು. ಲೆಕ್ಕ ಇಲ್ಲದಿದ್ದರೆ ಉಳಿಯುವುದು ಜಗಳ. ಆ ಜಗಳದ ಲಾಭ ಮೂರನೆಯವನಿಗೆ.

ಈರುಳ್ಳಿಯ ಕಥೆ ಕೇಳಿ. ಬೆಂಗಳೂರು ಗುಲಾಬಿ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದನ್ನು ನಮ್ಮವರು ಹೆಚ್ಚಾಗಿ ತಿನ್ನುವುದಿಲ್ಲ. ಅದು ಹೋಗುವುದು ಮಲೇಷಿಯಾ, ಸಿಂಗಪುರ, ಶ್ರೀಲಂಕಾ ಕಡೆಗೆ. 2023ರ ಆಗಸ್ಟಿನಲ್ಲಿ ದೆಹಲಿ ಎಲ್ಲ ಈರುಳ್ಳಿಯ ರಫ್ತಿಗೂ ಶೇಕಡ 40 ಸುಂಕ ಹಾಕಿತು. ಈ ಈರುಳ್ಳಿ ದೇಶದೊಳಗೆ ಮಾರಾಟವಾಗುವುದೇ ಕಡಿಮೆ, ಇದನ್ನು ತಡೆದರೆ ಇಲ್ಲಿನ ಬೆಲೆ ಇಳಿಯದು ಎಂಬ ವಾದ ದೆಹಲಿಗೆ ಮುಟ್ಟಿತು. ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ವಿನಾಯಿತಿ ಬಂತು. ಡಿಸೆಂಬರಿನಲ್ಲಿ ಮತ್ತೆ ರಫ್ತೇ ನಿಷೇಧ! ಗೆದ್ದದ್ದು ಗೋಳಾಟವಲ್ಲ, ಲೆಕ್ಕದ ವಾದ ಎಂಬುದನ್ನು ಗಮನಿಸಿ. ಪ್ರತಿ ಸಲವೂ ಆ ಲೆಕ್ಕ ಸಿದ್ಧವಾಗಿರಬೇಕು ಎಂಬುದನ್ನೂ ಗಮನಿಸಿ.

ಬೀಗ ಯಾವ ಭಾಷೆಯದು?

ಜಾಗತಿಕ ವ್ಯಾಪಾರದ ಮಾಹಿತಿ ಇಂದು ಗುಟ್ಟಿನದಲ್ಲ. ವಿಶ್ವಬ್ಯಾಂಕ್ 2010ರಲ್ಲೇ ತನ್ನ ಅಂಕಿಅಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಆದರೆ ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು. ವಿಶ್ವ ವ್ಯಾಪಾರ ಸಂಘಟನೆಯ ಭಾಷೆಗಳು ಮೂರು: ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್. ದೆಹಲಿಯ ರಾಜ್ಯಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಬೆಂಗಳೂರಿನಲ್ಲೇ ಕೂತಿರುವ ಕೇಂದ್ರ ರೇಷ್ಮೆ ಮಂಡಳಿ 1948ರ ಕಾಯ್ದೆಯಿಂದ ಹುಟ್ಟಿದ್ದು. ಅದರ ಹೆಸರಾಂತ ಪತ್ರಿಕೆ 'ಇಂಡಿಯನ್ ಸಿಲ್ಕ್' ಇಂಗ್ಲಿಷಿನದು. ಗೂಡು ಕನ್ನಡದ್ದು, ಲೇಖನ ಇಂಗ್ಲಿಷಿನದು!

ಇಂಗ್ಲಿಷ್ ಕಲಿತರೆ ಮುಗಿಯಿತಲ್ಲ ಎನ್ನುವ ಜಾಣರಿದ್ದಾರೆ. ಅವರಿಗೆ ಕೇಳಿ: ಜಪಾನು 1958ರಲ್ಲಿ ಜೆಟ್ರೋ ಸ್ಥಾಪಿಸಿತು. ದಕ್ಷಿಣ ಕೊರಿಯಾ 1962ರಲ್ಲಿ ಕೊಟ್ರಾ ಸ್ಥಾಪಿಸಿತು. ದೇಶ ದೇಶಗಳ ಮಾರುಕಟ್ಟೆ ಶೋಧಿಸಿ ತಮ್ಮ ಸಣ್ಣ ಉದ್ಯಮಿಗೆ ತಮ್ಮ ಭಾಷೆಯಲ್ಲೇ ತಿಳಿಸುವುದು ಅವುಗಳ ಕೆಲಸ. ಕೊರಿಯಾದವನು ಇಂಗ್ಲಿಷ್ ಕಲಿಯುವ ತನಕ ಕಾಯಲಿ ಎಂದು ಅಲ್ಲಿನ ಸರ್ಕಾರ ಹೇಳಲಿಲ್ಲ.

ನಮ್ಮಲ್ಲೂ ಇದು ಆಗದ ಕೆಲಸವೇನಲ್ಲ. 1991ರ ಡಿಸೆಂಬರಿನಲ್ಲಿ ಡಂಕೆಲ್ ಕರಡು ಹೊರಬಂದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮತ್ತು ರೈತ ಸಂಘದವರು ಅದನ್ನು ಹಳ್ಳಿ ಹಳ್ಳಿಗಳಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದರು. 1993ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಸೇರಿದ ರೈತಸಾಗರಕ್ಕೆ ತಾವು ಯಾವುದನ್ನು ವಿರೋಧಿಸುತ್ತಿದ್ದೇವೆ ಎಂದು ಗೊತ್ತಿತ್ತು. ಅವರ ನಿಲುವನ್ನು ನೀವು ಒಪ್ಪಿ, ಬಿಡಿ. ಗ್ಯಾಟ್ ಎಂಬ ಪದ ಜಗುಲಿಕಟ್ಟೆಯಲ್ಲಿ ಚರ್ಚೆಯಾದದ್ದು ಆ ಕನ್ನಡದಿಂದಲೇ.

ಸೆಸ್ಸು ನಿಮ್ಮದು, ಕಪಾಟು ಖಾಲಿ

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಸೂಲಾಗುತ್ತದೆ. ರೂಪಾಯಿಗೆ ಆರು ಪೈಸೆ. ನಿಮ್ಮ ಅಪ್ಪ ಮನೆ ಕಂದಾಯ ಕಟ್ಟಿದ ರಸೀತಿ ತೆಗೆದು ನೋಡಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಲ್ಲಿ ವಸೂಲು ಮಾಡಿಯೂ ಗ್ರಂಥಾಲಯ ಇಲಾಖೆಗೆ ಕಟ್ಟದೆ ಉಳಿಸಿಕೊಂಡ ಬಾಕಿ ನೂರಾರು ಕೋಟಿಗೆ ಬೆಳೆದದ್ದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಓದುಗನ ದುಡ್ಡಿಗೆ ಕನ್ನ ಹಾಕುವುದಕ್ಕೂ ಬೇರೆ ಹೆಸರಿದೆಯೇ?

ಹಳ್ಳಿಯ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು. ಈಗ ಅವಕ್ಕೆ 'ಅರಿವು ಕೇಂದ್ರ' ಎಂಬ ಚಂದದ ಹೆಸರು. ಅನೇಕ ಕಡೆ ಕಂಪ್ಯೂಟರೂ ಬಂದಿದೆ. ಸಂತೋಷ. ಆದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ "ರಫ್ತು ವ್ಯಾಪಾರದ ಬಗ್ಗೆ ಏನಿದೆ?" ಎಂದು ಕೇಳಿ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ತೋರಿಸುತ್ತಾರೆ. ಗ್ರಂಥಪಾಲಕರನ್ನು ಬೈಯಬೇಡಿ. ಅಲ್ಪ ಸಂಬಳಕ್ಕೆ ದುಡಿಯುವ ಅವರಿಗೆ ಇಂಥ ಕಪಾಟು ಕೊಡದವರು ಮೇಲಿದ್ದಾರೆ.

ಎಲ್ಲಿಗೆ ಹೋಗಬೇಕು? ಹೇಗೆ ಹುಡುಕಬೇಕು?

ಬೋರ್ಡಿಗೆ ಮಸಿ ಬಳಿಯಲು ಒಂದು ಡಬ್ಬಿ ಸಾಕು. ಈ ಕೆಲಸಕ್ಕೆ ತಾಳ್ಮೆ ಬೇಕು. ನೀವು ನಗರದಲ್ಲಿದ್ದೀರಿ, ಗ್ರಂಥಾಲಯಗಳು ನಿಮ್ಮ ಪಕ್ಕದಲ್ಲಿವೆ. ಆದ್ದರಿಂದ ಈ ಜವಾಬ್ದಾರಿ ನಿಮ್ಮದು.

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಶುರು ಮಾಡಿ. ಸರ್ಕಾರದ ವರದಿ, ಗೆಜೆಟ್, ಹಳೆಯ ಪತ್ರಿಕೆ ಕೇಳಿ. ರಾಜ್ಯದ ಆರ್ಥಿಕ ಸಮೀಕ್ಷೆ ಪ್ರತಿವರ್ಷ ಕನ್ನಡದಲ್ಲೂ ಬರುತ್ತದೆ, ಅದನ್ನು ಮೊದಲು ಓದಿ. ಆರ್ಥಿಕ ಪದಗಳಿಗೆ ಕನ್ನಡ ಅಲ್ಲೇ ಸಿಗುತ್ತದೆ. ನಂತರ ನಾಗರಬಾವಿಯ ಐಸೆಕ್. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ, ಅವರ ಹೆಸರಿನದೇ ಗ್ರಂಥಾಲಯ. ಅರ್ಥಶಾಸ್ತ್ರದ ಸಂಶೋಧನೆಗೆ ಕರ್ನಾಟಕದಲ್ಲಿ ಅದಕ್ಕಿಂತ ಒಳ್ಳೆಯ ಬಾಗಿಲು ಕಡಿಮೆ. ಕಾಲೇಜಿನ ಪತ್ರ ಹಿಡಿದು, ಮೊದಲೇ ವಿಚಾರಿಸಿ ಹೋಗಿ. ಬೆಳೆಯ ವಿಷಯಕ್ಕೆ ಜಿ.ಕೆ.ವಿ.ಕೆ. ಗ್ರಂಥಾಲಯ. ರಫ್ತಿನ ವಿಧಿವಿಧಾನಕ್ಕೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ. ಅದು ರಾಜ್ಯ ಸರ್ಕಾರದ್ದು. ಅಲ್ಲಿ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ.

ಹುಡುಕುವ ಕ್ರಮ ಹೀಗೆ:

ಒಂದು, ಸರಕಿನ ಎಚ್.ಎಸ್. ಸಂಖ್ಯೆ ಹಿಡಿಯಿರಿ.

ಎರಡು, ಕೇಂದ್ರ ವಾಣಿಜ್ಯ ಸಚಿವಾಲಯದ ರಫ್ತು-ಆಮದು ದತ್ತಾಂಶ ಕೋಶದಲ್ಲಿ ಆ ಸಂಖ್ಯೆ ಹಾಕಿ. ನಮ್ಮ ದೇಶದಿಂದ ಯಾವ ದೇಶಕ್ಕೆ ಎಷ್ಟು ಹೋಯಿತು ಎಂದು ಕಾಣುತ್ತದೆ. ಇದರ ಮೂಲ ಲೆಕ್ಕ ಇಡುವುದು ಕೋಲ್ಕತ್ತದ ವಾಣಿಜ್ಯ ಅಂಕಿಅಂಶ ನಿರ್ದೇಶನಾಲಯ.

ಮೂರು, ಅದೇ ವ್ಯಾಪಾರವನ್ನು ಕೊಳ್ಳುವ ದೇಶದ ಕಡೆಯಿಂದ ನೋಡಿ. ವಿಶ್ವಸಂಸ್ಥೆಯ ಕಾಮ್‌ಟ್ರೇಡ್, ಜಿನೀವಾದ ಟ್ರೇಡ್ ಮ್ಯಾಪ್ ಇದಕ್ಕಾಗಿವೆ. ಎರಡು ಲೆಕ್ಕ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಕಳಿಸುವವನು ಬಂದರಿನ ಬೆಲೆ ಬರೆಯುತ್ತಾನೆ, ತರಿಸುವವನು ಹಡಗಿನ ಬಾಡಿಗೆ, ವಿಮೆ ಸೇರಿಸಿ ಬರೆಯುತ್ತಾನೆ. ಅದಕ್ಕೂ ಮೀರಿದ ವ್ಯತ್ಯಾಸವಿದ್ದರೆ ಅಲ್ಲೇ ಪ್ರಶ್ನೆ ಹುಟ್ಟುತ್ತದೆ.

ನಾಲ್ಕು, ಆ ದೇಶದ ಸ್ಥಿತಿಗತಿ ಓದಿ. ವಿಶ್ವ ವ್ಯಾಪಾರ ಸಂಘಟನೆ ತನ್ನ ಸದಸ್ಯ ದೇಶಗಳ ವ್ಯಾಪಾರ ನೀತಿಯನ್ನು ಸರದಿಯಂತೆ ಪರಿಶೀಲಿಸಿ ವರದಿ ಪ್ರಕಟಿಸುತ್ತದೆ. ಐ.ಎಂ.ಎಫ್. ದೇಶವಾರು ವರದಿ ಕೊಡುತ್ತದೆ. ಅಮೆರಿಕದ ಕೃಷಿ ಇಲಾಖೆ ನಾನಾ ದೇಶಗಳ ಹಣ್ಣು, ಹಾಲು, ಧಾನ್ಯದ ಮಾರುಕಟ್ಟೆಯ ವರದಿಗಳನ್ನು ಪುಕ್ಕಟೆ ಬಿಡುತ್ತದೆ. ಅಮೆರಿಕದ ರೈತನಿಗಾಗಿ ಬರೆದದ್ದು, ನಮ್ಮ ರೈತನಿಗೂ ಉಪಯೋಗಕ್ಕೆ ಬರಲಿ!

ಐದು, ಬರೆದುಕೊಂಡ ಪ್ರತಿ ಅಂಕಿಯ ಪಕ್ಕದಲ್ಲಿ ವರ್ಷ ಮತ್ತು ಮೂಲ ಬರೆಯಿರಿ. ಮೂಲವಿಲ್ಲದ ಅಂಕಿ ಗಾಳಿಸುದ್ದಿಗೆ ಸಮ. ಅದನ್ನು ಹಿಡಿದು ಅಧಿಕಾರಿಯ ಮುಂದೆ ಹೋದರೆ ನಗೆಪಾಟಲು.

ನಮ್ಮ ಹಕ್ಕೊತ್ತಾಯ

ಇದನ್ನು ನಾವು ಭಿಕ್ಷೆಯಾಗಿ ಬೇಡುತ್ತಿಲ್ಲ. ಕರ ಕಟ್ಟಿದವರ ಹಕ್ಕಾಗಿ ಕೇಳುತ್ತಿದ್ದೇವೆ.

ಪ್ರತಿ ಹೋಬಳಿಯ ಅರಿವು ಕೇಂದ್ರದಲ್ಲಿ ಆ ಹೋಬಳಿಯ ಬೆಳೆ, ಕಸುಬುಗಳ ವ್ಯಾಪಾರ ಮಾಹಿತಿಯ ಕನ್ನಡ ಕಪಾಟು ಇರಲಿ. ಮೊದಲನೆಯದು ತೂಬಗೆರೆಯಲ್ಲೇ ಆಗಲಿ.

ರಾಜ್ಯದ ವ್ಯಾಪಾರ ಉತ್ತೇಜನ ಕೇಂದ್ರ ರೇಷ್ಮೆ, ಈರುಳ್ಳಿ, ಹಲಸು, ದ್ರಾಕ್ಷಿ, ಹೂವಿನ ಬಗ್ಗೆ ದೇಶವಾರು ಮಾಹಿತಿಯನ್ನು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಹೊರಡಿಸಲಿ.

ರೇಷ್ಮೆ, ಹಾಲು, ತೋಟಗಾರಿಕೆಗೆ ಸಂಬಂಧಿಸಿದ ಸುಂಕದ ಅಧಿಸೂಚನೆ ಹೊರಬಿದ್ದ ವಾರದೊಳಗೆ ಅದರ ಕನ್ನಡ ರೂಪವನ್ನು ರಾಜ್ಯ ಸರ್ಕಾರ ಪಂಚಾಯಿತಿಗಳಿಗೆ ಕಳಿಸಲಿ.

ಗ್ರಂಥಾಲಯ ಕರದ ಒಂದೊಂದು ಪೈಸೆಯೂ ಗ್ರಂಥಾಲಯಕ್ಕೇ ಸೇರಲಿ.

ಸರ್ಕಾರ ಏಳುವ ತನಕ ಕೈಕಟ್ಟಿ ಕೂರಬೇಡಿ. ನಿಮ್ಮ ಕಾಲೇಜಿನ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ದುಡ್ಡಿನಲ್ಲಿ ಹತ್ತು ಹಾಳೆಯ ಕಿರುಹೊತ್ತಿಗೆ ಅಚ್ಚಾಗುತ್ತದೆ. ನಾಲ್ಕು ಜನ ಸೇರಿ. ಒಂದು ಬೆಳೆ ಆರಿಸಿ, ಒಂದು ದೇಶ ಆರಿಸಿ. ಹತ್ತು ಭಾನುವಾರ ಗ್ರಂಥಾಲಯಕ್ಕೆ ಕೊಡಿ. ಓದಿದ್ದನ್ನು ರೈತನಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರಿ. ದೊಡ್ಡಬಳ್ಳಾಪುರದ ಬಸ್ಸು ಹತ್ತಿ ತೂಬಗೆರೆಗೆ ಹೋಗಿ, ಬೆಳೆಗಾರರ ಮುಂದೆ ಓದಿ ಹೇಳಿ. ಅವರು ಕೇಳುವ ಪ್ರಶ್ನೆಗಳಿಗೆ ನಿಮ್ಮ ಪ್ರೊಫೆಸರರೂ ತಡವರಿಸಿದರೆ ಆಶ್ಚರ್ಯಪಡಬೇಡಿ. ಆ ಪ್ರಶ್ನೆಗಳನ್ನು ಹೊತ್ತು ಮತ್ತೆ ಗ್ರಂಥಾಲಯಕ್ಕೆ ಬನ್ನಿ.

ಕನ್ನಡ ಅನ್ನದ ಭಾಷೆಯಾಗಬೇಕು ಎಂದು ಎಲ್ಲ ವೇದಿಕೆಗಳಲ್ಲೂ ಕೂಗುತ್ತೇವೆ. ಅನ್ನದ ಬೆಲೆ ಕಟ್ಟುವ ಲೆಕ್ಕ ಕನ್ನಡದಲ್ಲಿ ಇಲ್ಲದಿದ್ದರೆ ಆ ಕೂಗು ಮೈಕಿನಲ್ಲೇ ಸಾಯುತ್ತದೆ.

ಬೆಳೆ ನಮ್ಮದು. ಬೆವರು ನಮ್ಮದು. ಲೆಕ್ಕವೂ ನಮ್ಮದಾಗಲಿ, ಕನ್ನಡದಲ್ಲೇ ಆಗಲಿ!