ಹೊಟ್ಟೆಯ ಹುಣ್ಣಿಗೆ 14 ದಿನಗಳ ನೇಮ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳ ಭಕ್ತರು ನಮ್ಮಲ್ಲಿಗೆ ಬಂದಾಗ ಹೇಳಿಕೊಳ್ಳುವ ಬೇನೆಗಳಲ್ಲಿ ಹೊಟ್ಟೆಯುರಿಗೆ ದೊಡ್ಡ ಪಾಲಿದೆ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುವವರು, ಹಳಿಯಾಳ ಸೀಮೆಯ ಕಬ್ಬು-ಭತ್ತದ ರೈತರು, ಜೋಯಿಡಾದ ಕಾಡಂಚಿನ ಊರುಗಳ ತಾಯಂದಿರು ಎಲ್ಲರೂ ಇದನ್ನು ‘ಗ್ಯಾಸು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅಂಗಡಿಯಿಂದ ತಂದ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದ ಮೇಲೆ ಬಂದು, “ಇಂಗ್ಲಿಷ್ ಔಷಧ ಸಾಕಾಯಿತು, ನಮ್ಮ ಔಷಧವನ್ನೇ ಕೊಡಿರಿ” ಎನ್ನುತ್ತಾರೆ. ಈ ವಿಶ್ವಾಸಕ್ಕೆ ನಾವು ಋಣಿಗಳು. ಆ ವಿಶ್ವಾಸ ಉಳಿಯಬೇಕೆಂಬ ಕಾರಣದಿಂದಲೇ ಇಂದು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಹೊಟ್ಟೆಯ ಹುಣ್ಣಿನೊಡನೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಕ್ರಿಮಿಯ ಸೋಂಕೂ ಇದೆಯೆಂದು ಪರೀಕ್ಷೆಯಿಂದ ತಿಳಿದರೆ, ಅದನ್ನು ನಿರ್ಮೂಲಗೊಳಿಸುವ ಪ್ರತಿಜೀವಕ ಔಷಧವನ್ನು ತೆಗೆದುಕೊಳ್ಳಲೇಬೇಕು. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಹೇಳುತ್ತಿದ್ದೇವೆ.

ನಮ್ಮ ಶಾಸ್ತ್ರಕ್ಕೆ ಈ ಬೇನೆ ಹೊಸತಲ್ಲ. ಮಾಧವನಿದಾನದಲ್ಲಿ ಉಂಡ ಅನ್ನ ಪಚನವಾಗುವ ಹೊತ್ತಿಗೆ ಏಳುವ ನೋವನ್ನು ಪರಿಣಾಮಶೂಲವೆಂದು ಕರೆದಿದೆ. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಾದವರು ಇಂದಿಗೂ ಹೇಳುವ ಲಕ್ಷಣ ಅದಕ್ಕೆ ಬಹು ಹತ್ತಿರ. ಆದರೆ ಸೂಕ್ಷ್ಮದರ್ಶಕವಿಲ್ಲದ ಆ ಕಾಲದಲ್ಲಿ ಜಠರದ ಲೋಳೆಯ ಅಡಿಯಲ್ಲಿ ಅಡಗಿದ ಕ್ರಿಮಿಯನ್ನು ಕಾಣುವುದು ಯಾರಿಗೂ ಸಾಧ್ಯವಿರಲಿಲ್ಲ. ಅಷ್ಟೇಕೆ, ಆಧುನಿಕ ವೈದ್ಯರೂ ಬಹುಕಾಲ ಚಿಂತೆ, ಖಾರ, ಆಮ್ಲಗಳನ್ನೇ ದೂರುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ಕ್ರಿಮಿಯನ್ನು ಬೆಳೆಸಿ ತೋರಿಸಿದರು. ಆದರೂ ಅನೇಕರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ತಾವೇ ಆ ಕ್ರಿಮಿಯ ದ್ರವವನ್ನು ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು. ತಮ್ಮ ತಿಳಿವಳಿಕೆಯನ್ನು ತಿದ್ದಿಕೊಳ್ಳಲು ಅವರಿಗೆ ಸಾಧ್ಯವಾದ ಮೇಲೆ ನಮಗೇಕೆ ಸಂಕೋಚ?

ನಾವೂ ತಡವಾಗಿ ತಿದ್ದಿಕೊಂಡವರೇ. ಹಲವು ವರ್ಷಗಳ ಹಿಂದೆ ಹಳಿಯಾಳದ ಕಡೆಯ ರೈತರೊಬ್ಬರಿಗೆ ಯಷ್ಟಿಮಧು, ಶತಾವರಿ, ಪಥ್ಯಗಳಿಂದ ಚಿಕಿತ್ಸೆ ಮಾಡುತ್ತಿದ್ದೆವು. ಪ್ರತಿಸಲವೂ ಉರಿ ಶಮನವಾಗುತ್ತಿತ್ತು. ಕೆಲವು ತಿಂಗಳಿಗೆ ಮತ್ತೆ ಮರಳುತ್ತಿತ್ತು. ಪಥ್ಯ ತಪ್ಪಿದರೆಂದು ನಾವು ಅವರನ್ನೇ ಗದರುತ್ತಿದ್ದೆವು. ಒಂದು ದಿನ ಡಾಂಬರಿನಂತೆ ಕಪ್ಪು ಮಲ ಹೋಗಿ, ಕಣ್ಣು ಕತ್ತಲಿಟ್ಟು ಬಿದ್ದರು. ಧಾರವಾಡಕ್ಕೆ ಒಯ್ದು ರಕ್ತ ಕೊಡಿಸಬೇಕಾಯಿತು. ಎಂಡೋಸ್ಕೋಪಿಯಲ್ಲಿ ಹುಣ್ಣೂ ಕ್ರಿಮಿಯೂ ಕಂಡವು. 14 ದಿನಗಳ ಔಷಧದ ನಂತರ ಆ ಬೇನೆ ಅವರತ್ತ ಸುಳಿಯಲಿಲ್ಲ. ತಪ್ಪಿದ್ದು ಅವರ ಪಥ್ಯವಲ್ಲ, ಪರೀಕ್ಷೆಗೆ ಕಳುಹಿಸದ ನಮ್ಮ ವಿವೇಚನೆ.

ಈ ಕ್ರಿಮಿ ಬಹುಮಟ್ಟಿಗೆ ಬಾಲ್ಯದಲ್ಲಿಯೇ ಮನೆಯವರಿಂದ, ಅಶುದ್ಧ ನೀರು-ಆಹಾರಗಳಿಂದ ಒಳಸೇರುತ್ತದೆ. ಕ್ರಿಮಿಯಿದ್ದವರಿಗೆಲ್ಲ ಹುಣ್ಣಾಗುವುದಿಲ್ಲ; ಕೀಲುನೋವಿಗೆಂದು ನುಂಗುವ ನೋವಿನ ಗುಳಿಗೆಗಳಿಂದಲೂ ಹುಣ್ಣಾಗುತ್ತದೆ. ಆದ್ದರಿಂದ ಊಹೆಯ ಮೇಲೆ ಪ್ರತಿಜೀವಕ ನುಂಗುವುದೂ ತಪ್ಪು. ಮಲಪರೀಕ್ಷೆ, ಉಸಿರಿನ ಪರೀಕ್ಷೆ, ಎಂಡೋಸ್ಕೋಪಿ – ಇವುಗಳಲ್ಲಿ ಒಂದರಿಂದ ಖಚಿತವಾಗಬೇಕು. ಆಮ್ಲ ತಗ್ಗಿಸುವ ಗುಳಿಗೆ ನುಂಗುತ್ತಿದ್ದರೆ ಕ್ರಿಮಿ ಇದ್ದೂ ಇಲ್ಲವೆಂದು ತೋರಬಹುದು. ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಜೀವಕಗಳು, ಆಮ್ಲ ತಗ್ಗಿಸುವ ಗುಳಿಗೆ, ಹಲವೊಮ್ಮೆ ಬಿಸ್ಮತ್ ಕೂಡಿರುತ್ತವೆ. ಅವಧಿ 14 ದಿನ. ಎಡವುವುದು ಇಲ್ಲಿಯೇ. ಐದಾರು ದಿನಕ್ಕೆ ಉರಿ ನಿಲ್ಲುತ್ತದೆ, ಬಾಯಿ ಕಹಿಯಾಗುತ್ತದೆ, ಭೇದಿಯೂ ಆಗಬಹುದು. ಗುಳಿಗೆಯ ಪೊಟ್ಟಣ ಗೂಡು ಸೇರುತ್ತದೆ. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಈಗಾಗಲೇ ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್, ಕ್ಲಾರಿಥ್ರೊಮೈಸಿನ್ ಔಷಧಗಳಿಗೆ ಅನೇಕರಲ್ಲಿ ಈ ಕ್ರಿಮಿ ಜಗ್ಗುತ್ತಿಲ್ಲ. ತೊಂದರೆಯಾದರೆ ಬರೆದುಕೊಟ್ಟ ವೈದ್ಯರನ್ನು ಕೇಳಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ಪೆನಿಸಿಲಿನ್ ಒಗ್ಗದಿದ್ದವರು ಮೊದಲೇ ಹೇಳಬೇಕು. ಬಿಸ್ಮತ್‌ನಿಂದ ಮಲ ಕಪ್ಪಾಗುವುದುಂಟು. ಆದರೆ ಅದು ಡಾಂಬರಿನಂತೆ ಅಂಟಾಗಿ, ತಲೆಸುತ್ತು ಬಂದರೆ ಆಸ್ಪತ್ರೆಗೆ ಧಾವಿಸಬೇಕು. ಔಷಧ ಮುಗಿದು ಕನಿಷ್ಠ ನಾಲ್ಕು ವಾರಗಳ ಬಳಿಕ ಮರುಪರೀಕ್ಷೆ ಮಾಡಿಸಿದರೆ ಮಾತ್ರ ಕ್ರಿಮಿ ಅಳಿಯಿತೆಂದು ತಿಳಿಯುತ್ತದೆ. ಜೋಯಿಡಾದ ಒಳಹಳ್ಳಿಯವರಿಗೆ ಇದಕ್ಕಾಗಿ ಮತ್ತೊಮ್ಮೆ ಪೇಟೆಗೆ ಬರುವುದು ಒಂದು ದಿನದ ಕೂಲಿಯ ಮಾತೆಂದು ಬಲ್ಲೆವು. ಆದರೂ ಹುಣ್ಣು ಒಡೆದ ಮೇಲಿನ ವೆಚ್ಚಕ್ಕೆ ಹೋಲಿಸಿದರೆ ಅದು ಅಲ್ಪ. ಈ ಕ್ರಿಮಿಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿಯೇ ವರ್ಗೀಕರಿಸಿದೆ ಎಂಬುದನ್ನೂ ಮರೆಯಲಾಗದು.

ಹಾಗಾದರೆ ಆಯುರ್ವೇದಕ್ಕೆ ಕೆಲಸವಿಲ್ಲವೇ? ಧಾರಾಳವಾಗಿದೆ. ಹೊತ್ತಿಗೆ ಸರಿಯಾದ ಮಿತಾಹಾರ, ಹದವಾದ ಮಜ್ಜಿಗೆ, ತಂಬಾಕು-ಮದ್ಯಗಳ ತ್ಯಾಗ, ನಿದ್ರೆ, ಕುಂದಿದ ಅಗ್ನಿಯನ್ನು ಮರಳಿ ಹದಕ್ಕೆ ತರುವುದು ನಮ್ಮ ಕ್ಷೇತ್ರ. ಗಾಜಿನ ತಟ್ಟೆಯಲ್ಲಿ ಈ ಕ್ರಿಮಿಯನ್ನು ತಡೆಯುವ ಮೂಲಿಕೆಗಳೂ ಇವೆ. ಆದರೆ ತಟ್ಟೆಯಲ್ಲಿ ತಡೆಯುವುದು ಬೇರೆ, ಮನುಷ್ಯನ ಜಠರದಿಂದ ಬೇರುಸಹಿತ ಕೀಳುವುದು ಬೇರೆ. ಆ 14 ದಿನ ಕಷಾಯ, ಚೂರ್ಣಗಳನ್ನು ಸೇವಿಸುವುದಾದರೂ ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು. ರಕ್ತದೊತ್ತಡವುಳ್ಳವರಿಗೆ ಯಷ್ಟಿಮಧುವೂ ನಿರಪಾಯಕಾರಿಯಲ್ಲ.

ಶರಣರಲ್ಲಿ ವೈದ್ಯ ಸಂಗಣ್ಣನವರಿಗೆ ವೈದ್ಯವೇ ಕಾಯಕವಾಗಿತ್ತು. ಕಾಯಕದಲ್ಲಿ ಕಪಟ ಸಲ್ಲದು. ತನ್ನ ಔಷಧ ಎಲ್ಲಿಯವರೆಗೆ ಸಲ್ಲುತ್ತದೆಂದು ರೋಗಿಗೆ ಹೇಳುವುದೂ ವೈದ್ಯನ ಕಾಯಕವೇ. ಪ್ರತಿಜೀವಕವನ್ನು ಬರೆದುಕೊಡುವುದು ನಮ್ಮ ಕೆಲಸವಲ್ಲ. ಅದನ್ನು ಬಲ್ಲವರಲ್ಲಿಗೆ ಸಕಾಲದಲ್ಲಿ ಕಳುಹಿಸುವುದು ನಮ್ಮ ಕೆಲಸ. ಇಷ್ಟಲಿಂಗಪೂಜೆಯ ನೇಮವನ್ನು ಒಂದು ದಿನವೂ ತಪ್ಪಿಸದ ಭಕ್ತರು 14 ದಿನಗಳ ಈ ನೇಮವನ್ನೂ ತಪ್ಪದೆ ಪಾಲಿಸಲಿ. ಪ್ರಸಾದಕಾಯವನ್ನು ಕೆಡಿಸದೆ ಕಾಯ್ದುಕೊಳ್ಳುವುದೂ ಪೂಜೆಯೇ.